ವೊಸೆಲ್ ಗ್ರಾಮದ ಗಡಿಗಲ್ಲು

"ಅಜ್ಜೀ, ವೊಸೆಲ್ ಗ್ರಾಮಕ್ಕೆ ಯಾವ ದಾರಿ?"

ಬಾತುಗಳನ್ನು ಅಟ್ಟಿಕೊಂಡು ಬರುತ್ತಿದ್ದ ಮುದುಕಿ ಪೆರೊನ್, ಮೊಣಕಾಲುದ್ದ ಕೆಸರು ಮೆತ್ತಿಕೊಂಡಿದ್ದ ರಾಜದೂತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದೇ ವೊಸೆಲ್ಲು ತಾಯಿ. ನಿಮ್ಮ ಕುದುರೆ ಮೇಯ್ತಾ ಇರೋದು ನಮ್ಮ ಕೋಸು."

ಅರ್ಜಾನ್ಸಿಯ ಡ್ಯೂಕ್ ಪ್ರಭುವಿನ ದೂತೆಯಾಗಿ ಫ್ರಾನ್ಸಿನ ಉದ್ದಗಲಕ್ಕೂ, ಅದರಾಚೆಯ ರಾಜಸಭೆಗಳಿಗೂ ಅಲೆದು, ನಾಲ್ಕು ಭಾಷೆಗಳಲ್ಲಿ ವಿನಯದಿಂದ ಸುಳ್ಳು ಹೇಳಲು ಕಲಿತಿದ್ದ ಒದೀಲ್, ಹುಟ್ಟಿದೂರಿನಲ್ಲೇ ದಾರಿ ತಪ್ಪಿದ್ದಳು. ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಆಸ್ಥಾನದ ಪಾಲಿಗೆ ಅವಳು ಮಂತ್ರಿ ಗೊಂತ್ರಾನನ ತಂಗಿಯ ಮಗಳು, ಕುಲೀನೆ.

ಎರಡು ಸುಣ್ಣದ ಗುಡ್ಡಗಳ ನಡುವೆ ತ್ರೂವಿ ಎಂಬ ತೊರೆ, ತೊರೆಗೊಂದು ಗಿರಣಿ, ಗಿರಣಿಯ ಹಿಂದೆ ಇಗರ್ಜಿ, ಸುತ್ತ ಬೀಚ್ ಮರಗಳ ಕಾಡು. ಈ ಊರನ್ನು ಎರಡು ಸಲ ಸೈನ್ಯಗಳು ಸುಟ್ಟವು. ಉಳಿದುದನ್ನು ಮಹಾಮಾರಿ ಬರಿದು ಮಾಡಿತು. ಪ್ರತಿಯೊಬ್ಬ ದೊರೆಯೂ ತನ್ನದೆಂದ. ಯಾರೂ ಒಂದು ಸೇತುವೆ ಕಟ್ಟಿಸಲಿಲ್ಲ.

"ಗಡಿಗಲ್ಲು ನೋಡೋಕೆ ಬಂದ್ರಾ?" ಪೆರೊನ್ ಕೇಳಿದಳು. "ಅದು ಹೊಳೆಯಾಚೆ ಇತ್ತು, ಈಗ ಈಚೆ ನಿಂತಿದೆ. ಊರಿಗೂರೇ ಪಕ್ಕದ ಸೀಮೆ ದೊರೆ ಕೌಂಟನ ಪಾಲಾಯ್ತು. ಮೊದಲು ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸೋರಿಲ್ಲ. ಕಲ್ಲು ನೆಟ್ಟಾಗ ಜಾಗ ಮರೀಬಾರದು ಅಂತ ಮಕ್ಕಳಿಗೆ ಅಲ್ಲೇ ಕಪಾಳಕ್ಕೆ ಬಾರಿಸಿದ್ರು. ಆ ಮಕ್ಕಳೆಲ್ಲ ಮಹಾಮಾರಿಗೆ ಹೋದ್ವು. ಉಳಿದೋಳು ಒಬ್ಬಳೇ, ಮರದ ಮೆಟ್ಟು ಕೆತ್ತೋ ಮಾರ್ತೆನ ಮಗಳು; ಅವಳನ್ನ ಮಂತ್ರಿಗಳು ಪಟ್ಟಣಕ್ಕೆ ಕರ್ಕೊಂಡು ಹೋದ್ರು. ಏನಾದಳೋ."

"ಚೆನ್ನಾಗಿರಬೇಕು."

"ಹಾಗಾದ್ರೆ ಬರಲ್ಲ ಬಿಡಿ."

ಮಧ್ಯಾಹ್ನ ಕಲ್ಲಿನ ಬಳಿಯೇ ಡ್ಯೂಕನ ಮುಂದೆ ವಿಚಾರಣೆ ಕೂಡಿತು. ಸಂಕೋಲೆ ತೊಟ್ಟು ನಿಂತಿದ್ದ ವೃದ್ಧ ಗೊಂತ್ರಾನನ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಕೋಶಾಧ್ಯಕ್ಷ ಫುಲ್ಕ್ ತಲೆಬಾಗಿ ನುಡಿದ: "ಮಹಾಪ್ರಭು, ಅಂದು ಈ ಕಲ್ಲನ್ನು ಇಲ್ಲೇ ನೆಡಿಸಿದವರು ಮಂತ್ರಿಗಳೇ. ಲಂಚಕ್ಕಾಗಿ ಪ್ರಭುಗಳ ಗ್ರಾಮವನ್ನು ಕೌಂಟನಿಗೆ ಮಾರಿದ ರಾಜದ್ರೋಹಿಗೆ ಶಿರಚ್ಛೇದವೇ ತಕ್ಕ ದಂಡನೆ."

ಒದೀಲ್ ಹತ್ತಿರ ಬಂದ ಸಪ್ಪಳಕ್ಕೆ ಗೊಂತ್ರಾನ್ ಪಿಸುಗುಟ್ಟಿದ: "ನಿನಗೇನೂ ನೆನಪಿಲ್ಲ, ತಿಳಿಯಿತೆ ಮಗೂ? ನಾನು ಮುದುಕ. ನೀನು ಬದುಕು."

ಅವಳಿಗೆ ಆಯಾಸವಾಗಿತ್ತು. ಬದುಕುವುದೂ ಅಷ್ಟೇ ಆಯಾಸದ ಕೆಲಸವೆಂದು ಅವಳು ಬಲ್ಲಳು.

"ಮಹಾಪ್ರಭು, ಈ ಕಲ್ಲಿನ ಅಡಿ ಅಗೆಸಬೇಕು. ಗಡಿಗಲ್ಲಿನ ಕೆಳಗೆ ಒಂದು ಹೆಂಚನ್ನು ಒಡೆದು ಹೂಳುವುದು ಈ ಸೀಮೆಯ ಸಂಪ್ರದಾಯ. ಅಗೆದಾಗ ಸಿಕ್ಕ ಚೂರುಗಳು ಒಂದಕ್ಕೊಂದು ಕೂಡಿದರೆ ಕಲ್ಲಿನ ಜಾಗ ಸತ್ಯ."

ಅಗೆದರು. ಬರಿಯ ಜೇಡಿಮಣ್ಣು.

ಫುಲ್ಕನ ಮುಖ ಒಂದು ಕ್ಷಣ ಬಿಳುಪೇರಿತು. ಕಲ್ಲನ್ನು ಗುಟ್ಟಾಗಿ ಕೀಳಿಸಿ ಇಲ್ಲಿ ನೆಡಿಸಿದ್ದ ಅವನಿಗೆ ಅದರ ಕೆಳಗಿನದು ತಿಳಿದಿರಲಿಲ್ಲ. ಆದರೂ ನಕ್ಕ. "ಹೆಂಚು ಹೂಳಲು ಮಂತ್ರಿಗಳು ಮರೆತಿರಬೇಕು. ಇಲ್ಲವೆ, ಎಲ್ಲಿದೆಯೆಂದು ದೂತೆಯವರೇ ತೋರಿಸಲಿ!"

ಒದೀಲ್ ತೊರೆ ದಾಟಿ ಉಳುಮೆಯಾದ ಹೊಲದಲ್ಲಿ ನಡೆದಳು. ಅಂದು ಏಟಿಗೆ ಮುಖ ತಿರುಗಿದಾಗ ಕಣ್ಣಿಗೆ ಬಿದ್ದದ್ದು ಒಂದೇ: ಇಗರ್ಜಿಯ ಗೋಪುರದ ತುದಿ ಗಿರಣಿಯ ಮಾಡಿನ ಮೇಲೆ, ಗುಡ್ಡಗಳ ಸೀಳಿನ ನಡುವೆ ಮೊಳೆ ಹೊಡೆದಂತೆ. ಹಿಂದೆ ಸರಿದಳು, ಎಡಕ್ಕೆ ಜರುಗಿದಳು, ಕುಕ್ಕರಗಾಲಲ್ಲಿ ಕುಳಿತು ಮಗುವಿನ ಎತ್ತರಕ್ಕಿಳಿದಳು. ಗೋಪುರ ಸೀಳಿನಲ್ಲಿ ಬಂದು ಕೂತಿತು.

"ಇಲ್ಲಿ."

ಗುದ್ದಲಿಗೆ ಕೆಂಪು ಚೂರುಗಳು ತಾಗಿದವು. ಡ್ಯೂಕ್ ತಾನೇ ಕುಳಿತು ಜೋಡಿಸಿದ, ಹೆಂಚು ಪೂರ್ಣವಾಯಿತು.

"ಇದು ನಿಮಗೆ ತಿಳಿದದ್ದು ಹೇಗೆ?" ಫುಲ್ಕ್ ಕಿರುಚಿದ.

"ಇಲ್ಲಿ ಏಟು ತಿಂದವಳು ನಾನು. ಮೆಟ್ಟು ಕೆತ್ತುವ ಮಾರ್ತೆನ ಮಗಳು."

"ಅಯ್ಯೋ, ನಮ್ಮ ಕೂಸು!" ಎಂದು ಪೆರೊನ್ ಬಾತುಗಳನ್ನೇ ಮರೆತಳು.

ಸುಳ್ಳು ದೂರು ಬಯಲಾಗಿ, ಸಂಕೋಲೆ ಗೊಂತ್ರಾನನಿಂದ ಫುಲ್ಕನ ಕೈಗೆ ಹೋಯಿತು. ಆದರೆ ಹೀನಕುಲದವಳು ರಾಜಮುದ್ರೆ ಧರಿಸುವಂತಿಲ್ಲ. ಡ್ಯೂಕ್ ಅಂಗೈ ಚಾಚಿದ. ಒದೀಲ್ ಮುದ್ರೆಯುಂಗುರವನ್ನು ಕಳಚಿ ಅದರಲ್ಲಿಟ್ಟಳು.

"ಎಲ್ಲವನ್ನೂ ಕಳೆದುಕೊಂಡೆಯಲ್ಲ ಮಗೂ," ಎಂದ ಗೊಂತ್ರಾನ್.

"ಅಂದು ನೀವೇ ಏಟು ಕೊಟ್ಟ ಮೇಲೆ ನಾನು ಅಳಲಿಲ್ಲವೆಂದು ನಿಮ್ಮ ಚೀಲದಿಂದ ಒಂದು ಸೇಬು ಕೊಟ್ಟಿರಿ. ಸಾಲ, ದೊಡ್ಡವಳಾಗಿ ತೀರಿಸು ಎಂದಿರಿ." ಒದೀಲ್ ಪೆರೊನಳ ಕಡೆ ಕೈ ಚಾಚಿದಳು; ಮುದುಕಿ ಮಡಿಲಿನಿಂದ ಒಂದು ಸೇಬು ತೆಗೆದುಕೊಟ್ಟಳು. ಅದನ್ನು ಒದೀಲ್ ಸಂಕೋಲೆಯ ಗಾಯವಿದ್ದ ಅವನ ಕೈಯಲ್ಲಿಟ್ಟಳು. "ತೀರಿತು ನೋಡಿ, ಮಾವ."

ಮುದುಕ ಸೇಬನ್ನು ತಡವಿದ. "ಮತ್ತೆ, ಆ ಏಟು?"

"ಅದು ಇರಲಿ. ನನ್ನಲ್ಲಿ ಈಗ ಉಳಿದಿರುವುದು ಅದೊಂದೇ."