ನಮ್ಮ ಮನ್ಯಾಗ ಬಚ್ಚಿಟ್ಟ ಸೆಂಟರ್ ಫಾರ್ವರ್ಡ್

ನಮ್ಮ ಮನ್ಯಾಗ ಒಬ್ಬ ಸೆಂಟರ್ ಫಾರ್ವರ್ಡ್‌ನ ಬಚ್ಚಿಟ್ಟಿದ್ರು. ಅದೂ ನನ್ನ ಖೋಲ್ಯಾಗ, ನನ್ನ ಮಂಚದ ಮ್ಯಾಲ, ನನಗ ಒಂದು ಮಾತು ಕೇಳದ.

ದಿನವೆಲ್ಲಾ ಆಫೀಸಿನ್ಯಾಗ ಟೈಪ್ ಹೊಡೆದು ಬೆರಳು ನೋಯಿಸ್ಕೊಂಡು ಬಂದು ಬಾಗಿಲಾ ದೂಡಿದ್ರ, ಉದ್ದಾನ ಮನುಷ್ಯಾ ಒಬ್ಬಾಂವ ನನ್ನ ದಿಂಬಿಗೆ ಒರಗಿ ಕೂತು ಶೇಂಗಾ ಸುಲಿಯಾಕತ್ತಿದ್ದ. ನೋಡಿದ ಕೂಡಲೇ ಗುರ್ತು ಸಿಕ್ತು. ಕೋಠಿ ಸ್ಪೋರ್ಟಿಂಗ್ ಕ್ಲಬ್ಬಿನ ತಿಪ್ಪೇಸ್ವಾಮಿ. ಹೋದ ವರ್ಷ ಫತೇ ಮೈದಾನದಾಗ ಸೆಮಿಫೈನಲ್‌ನ್ಯಾಗ ನಮ್ಮ ಬೇಗಂಪೇಟೆ ಯೂನಿಯನ್‌ಗೆ ಎರಡು ಗೋಲ್ ಹೊಡೆದು ನನ್ನ ಅಳಿಸಿದಾಂವ.

"ಇಲ್ಲಿ ಯಾಕ ಕೂತೀರಿ?" ಅಂದೆ.

"ನಿಮ್ಮ ತಂದೆ ಕೂರಿಸಿದ್ರು."

"ಏಳ್ರಿ ಮತ್ತ."

"ಎದ್ದು ಎಲ್ಲಿಗೆ ಹೋಗ್ಲಿ? ಕಿಟಕಿ ಹತ್ರ ಕೂಡ ಹೋಗಬೇಡ ಅಂದಿದ್ದಾರೆ." ಇಷ್ಟಂದು ಮುಷ್ಟಿ ಚಾಚಿದ. "ಶೇಂಗಾ ತಗೋತೀರಾ?"

ನನ್ನ ಮಂಚ, ನಮ್ಮವ್ವ ಹುರಿದ ಶೇಂಗಾ, ಮ್ಯಾಲ ನನಗ ಉಪಚಾರ. ನನಗ ಸಿಟ್ಟು ನೆತ್ತಿಗೇರಿತು.

ನಮ್ಮಪ್ಪ ಹಣಮಂತರಾಯ ಯೂನಿಯನ್ ಕ್ಲಬ್ಬಿನ ಸೆಕ್ರೆಟರಿ. ಭಾಲ್ಕಿಯಿಂದ ನೌಕರಿಗೆ ಅಂತ ಹೈದರಾಬಾದಿಗೆ ಬಂದಾಂವ ನೌಕರಿ ಮಾಡಿದ್ದಕ್ಕಿಂತ ಕ್ಲಬ್ಬಿನ ಚಾಕರಿ ಮಾಡಿದ್ದ ಹೆಚ್ಚು. ಲೀಗ್ ಶುರುವಾಗೂ ಮುಂಚೆ ಆಟಗಾರರು ಕ್ಲಬ್ ಬದಲಿ ಮಾಡಾಕ ಒಂದು ವಾರ ಇರತಿತ್ತು. ಶನಿವಾರ ಕಡೀ ದಿನ. ಕ್ಲಬ್ ಬದಲಿ ಮಾಡಲಿ, ಹಳೇದರಾಗ ಉಳೀಲಿ, ಆಟಗಾರ ತಾನ ಅಸೋಸಿಯೇಶನ್ ಆಫೀಸಿಗೆ ಬಂದು ಸಹಿ ಹಾಕಬೇಕು. ಅಲ್ಲೀತನಕ ಯಾವ ಕ್ಲಬ್ಬಿನವರು ಯಾರನ್ನ ಎತ್ಕೊಂಡು ಹೋಗ್ತಾರೋ ಹೇಳಾಕ ಬರೂದಿಲ್ಲ. ಅದಕ್ಕ ಮಾತುಕತಿ ಮುಗಿಯೂತನಕ ಆಟಗಾರನ್ನ ಬಚ್ಚಿಡೂದು ನಮ್ಮ ಮಂದಿಯ ಪದ್ಧತಿ. ಬೆಕ್ಕು ತನ್ನ ಮರಿ ಬಚ್ಚಿಟ್ಟಂಗ.

"ಈ ಸಲ ಫಾರ್ವರ್ಡ್ ಸಿಗಲಿಲ್ಲಂದ್ರ ನಾವು ಎರಡನೇ ಡಿವಿಜನ್ನಿಗೆ ಬೀಳ್ತೀವಿ," ಅಂದ ನಮ್ಮಪ್ಪ. "ನೀ ನಾಕು ದಿನ ಅಡಿಗಿ ಮನ್ಯಾಗ ಅವ್ವನ ಬಾಜೂಕ ಮಲಕೊಂಡ್ರ ಏನಾಕ್ಕೈತಿ?"

"ನನ್ನ ಕೇಳಿದ್ರ ಏನಾಗ್ತಿತ್ತು?" ಅಂದೆ.

ನಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡ. ಓಣಿ ತುದಿಯ ಇರಾನಿ ಹೋಟೆಲ್ಲಿನ್ಯಾಗ ಅಭಿಮಾನಿಗಳು ಚಾ ಹೀರ್ಕೋತ ಕಾಯಾಕತ್ತಿದ್ರು, ಅವರಿಗೆ ಸುಳ್ಳು ಹೇಳಾಕ ಹೋದ. ಅವನ್ನ ಕಂಡ ಕೂಡಲೇ ಅವರೆಲ್ಲಾ, "ಕ್ಯಾ ಸಾಬ್, ಆರಾ ಕಿ ನೈ?" ಅಂತ, ಬರ್ತಾನೋ ಇಲ್ಲೋ ಅಂತ ಕೇಳತಿದ್ರು. ನಮ್ಮಪ್ಪ, "ಬಾತ್ ಚಲ್‌ರೈ, ಮಾತು ನಡದೈತಿ," ಅಂತಿದ್ದ. ಬರಬೇಕಾದಾಂವ ಅಲ್ಲೇ ಮೂರನೇ ಮನ್ಯಾಗ ನನ್ನ ಚಾದರ ಹೊತ್ತು ಮಲಗಿದ್ದ.

ಮರುದಿನ ಊಟಕ್ಕ ನಾನ ಬಡಿಸಬೇಕಾತು. ಅವ ಜ್ವಾಳದ ರೊಟ್ಟಿ ಹಪ್ಪಳ ಮುರಿದಂಗ ಮುರದ.

"ಹಂಗಲ್ಲರಿ. ಪಲ್ಯಾ ಹಚ್ಚಿ ಮೆತ್ತಗ ಮಾಡ್ಕೊಂಡು ತಿನ್ರಿ."

"ನಾವು ಚಿತ್ರದುರ್ಗದ ಕಡೆಯೋರು ಕಣ್ರಿ. ಅಪ್ಪ ಫ್ಯಾಕ್ಟರಿ ಕೆಲಸಕ್ಕೆ ಇಲ್ಲಿಗೆ ಬಂದ್ರೂ ಮನೇಲಿ ಮುದ್ದೆನೇ. ನಿಮಗೆ ಮುದ್ದೆ ಮಾಡೋಕೆ ಬರುತ್ತಾ?"

"ಬರೂದಿಲ್ಲ. ಬಂದ್ರೂ ನಿಮಗ ಮಾಡೂದಿಲ್ಲ."

"ಯಾಕೆ?"

"ಎರಡು ಗೋಲ್ ಹೊಡೆದೀರಿ."

ಅವ ತಲಿ ತಗ್ಗಿಸಿ ಉಣ್ಣಾಕ ಹತ್ತಿದ. ಆದ್ರ ಮೀಸಿ ಕೆಳಗ ನಗಿ ಬಚ್ಚಿಟ್ಟಿದ್ದು ನನಗ ಕಾಣಸ್ತು. ಇನ್ನೊಂದು ತುತ್ತು ತಿಂದು, "ಗೂಟ ಅಂದ್ರೆ ನಿಮ್ಮ ಕಡೆ ಏನು ಅರ್ಥ?" ಅಂತ ಕೇಳಿದ.

ನನ್ನ ಕೈಯಾಗಿನ ಸೌಟು ಅಲ್ಲೇ ನಿಂತು ಬಿಡ್ತು.

"ಹೋದ ವರ್ಷ ಸೆಮಿಫೈನಲ್‌ನಲ್ಲಿ ಗ್ಯಾಲರಿಯಿಂದ ಒಂದು ಹೆಣ್ಣು ದನಿ ಕೇಳಿಸ್ತು. 'ಏ ಗೂಟಾ, ನಿಂತಲ್ಲೇ ನಿಂದ್ರಾಕ ನಿನ್ನ ಅಲ್ಲಿ ಹುಗಿದಾರೇನು' ಅಂತ. ಇಡೀ ಮೈದಾನ ನನ್ನ ಉರ್ದೂನಲ್ಲಿ ಬೈತಿತ್ತು, ತೆಲುಗಲ್ಲಿ ಬೈತಿತ್ತು. ಕನ್ನಡದಲ್ಲಿ ಬೈದೋರು ಒಬ್ಬರೇ. ನಾನು ತಿರುಗಿ ನೋಡಿದೆ. ನೀಲಿ ಸೀರೆ ಉಟ್ಟಿದ್ರಿ."

"ನೋಡಿದ ಮ್ಯಾಲ ಎರಡನೇ ಗೋಲ್ ಹೊಡದ್ರಿ," ಅಂದೆ.

"ಬೈಸಿಕೊಂಡ ಮೇಲೆ ಸುಮ್ಮನೆ ನಿಂತ್ರೆ ಗೂಟ ಅನ್ನೋದು ನಿಜ ಆಗ್ತಿತ್ತಲ್ಲ."

ನನಗ ಮೂಗಿನ ಮ್ಯಾಲ ಸಿಟ್ಟು ಅಂತ ನಮ್ಮವ್ವ ಉಮಾಬಾಯಿ ಯಾವಾಗಲೂ ಅಂತಿರತಾಳ. ಆ ವಾರ ಸಿಟ್ಟು ಮೂಗಿನ ಮ್ಯಾಲ ಇತ್ತು ಖರೆ, ಕೆಳಗ ಬಾಯಿ ಮಾತ್ರ ನಗಾಕತ್ತಿತ್ತು. ಆಫೀಸಿನ್ಯಾಗ ಒಂದು ಸಾಲಿಗೆ ಎರಡು ತಪ್ಪು ಟೈಪ್ ಹೊಡೀತಿದ್ದೆ. ಐದು ಗಂಟೆ ಆಗೂದ ತಡ, ಬಸ್ಸಿಗೂ ಕಾಯದ ನಡಕೋತ ಮನಿಗೆ ಬರ್ತಿದ್ದೆ. ಬಂದು ಅವನ ಮುಂದ ಚಾದ ಕಪ್ಪು ಕುಕ್ಕಿ ಇಡ್ತಿದ್ದೆ. ಅವ ಕಪ್ಪು ಎತ್ತೂ ಮುಂಚೆ ಒಮ್ಮೆ ನನ್ನ ಕಡೆ ನೋಡ್ತಿದ್ದ, ಕುಡಿದ ಮ್ಯಾಲ ಒಮ್ಮೆ. ನಾ ಎರಡೂ ಸಲ ಬ್ಯಾರೆ ಕಡೆ ನೋಡ್ತಿದ್ದೆ. ಬ್ಯಾರೆ ಕಡೆ ನೋಡಿದ್ರೂ ಅವ ನೋಡಿದ್ದು ಹ್ಯಾಂಗ ಗೊತ್ತಾಗ್ತಿತ್ತೋ ಏನೋ.

"ನಮ್ಮ ಕ್ಲಬ್ಬಿಗೆ ಬರ್ತೀರೋ ಇಲ್ಲೋ?" ಅಂತ ಬುಧವಾರ ನೆಟ್ಟಗ ಕೇಳಿದೆ.

"ಬರಬೇಕು ಅಂತ ಇದೆ. ಕೋಠಿಯೋರೂ ನನ್ನ ಚೆನ್ನಾಗೇ ನೋಡ್ಕೊಂಡಿದ್ದಾರೆ."

"ಅಂದ್ರ?"

"ಅಂದ್ರೆ, ಇಲ್ಲಿ ಚಾ ಚೆನ್ನಾಗಿದೆ."

ಅಂತಾ ಮನುಷ್ಯಾನ್ನ ಏನು ಮಾಡಬೇಕು ನೀವ ಹೇಳ್ರಿ. ಕಪ್ಪು ಕಸ್ಕೊಂಡು ಬಂದೆ. ಅಡಿಗಿ ಮನ್ಯಾಗ ಒಬ್ಬಾಕಿನ ನಿಂತು ನಕ್ಕೆ. ಅವ ನನಗ ಬೇಕಾಗಿದ್ದ. ಟೀಮಿಗೂ ಬೇಕಾಗಿದ್ದ, ನನಗೂ ಬೇಕಾಗಿದ್ದ. ಅದರಾಗ ಯಾವುದು ಎಷ್ಟು ಅಂತ ನಾ ತೂಗಿ ನೋಡಿರಲಿಲ್ಲ.

ಶುಕ್ರವಾರ ಸಂಜೀಕ ವೈಜನಾಥ ಕಾಕಾ ಬಂದ್ರು. ಅವರು ಕ್ಲಬ್ಬಿನ ಅಧ್ಯಕ್ಷರು, ಅರಿವಿ ವ್ಯಾಪಾರಿ. ಎಲ್ಲಾನೂ ಗಜದ ಲೆಕ್ಕದಾಗ ನೋಡೂ ಮನುಷ್ಯಾ. ಪಡಸಾಲಿಯೊಳಗ ಅಪ್ಪನ ಜೋಡಿ ಕೂತು ಮಾತಾಡಾಕತ್ತಿದ್ರು. ನಾ ಚಾ ತಗೊಂಡು ಬಾಗಿಲ ಹಿಂದ ಬಂದೆ.

"ಸ್ಕೂಟರ್ ಕೊಡ್ತೀವಂದ್ರ ಬ್ಯಾಡ ಅಂದ. ಬ್ಯಾಂಕಿನ್ಯಾಗ ನೌಕರಿ ಅಂದ್ರ ಫ್ಯಾಕ್ಟರಿ ಕೆಲಸ ಸಾಕು ಅಂದ. ಇವತ್ತ ಮಧ್ಯಾಹ್ನ ನಿನ್ನ ಮಗಳ ಸುದ್ದಿ ತಗದೆ ನೋಡು ಹಣಮಂತರಾಯ, ಆಗ ಮುಖದ ಮ್ಯಾಲ ಬೆಳಕು ಬಂತು. ಸುಹಾಸಿನಿನ್ನ ಕೊಟ್ಟು ಬಿಡು. ಮನಿ ಅಳಿಯ ಆದ್ರ ಕ್ಲಬ್ ಬಿಟ್ಟು ಎಲ್ಲಿ ಹೋಗ್ತಾನ?"

ನಮ್ಮಪ್ಪ ಬೈದು ಹೊರಗ ಹಾಕ್ತಾನ ಅಂತ ಕಾದೆ. ನಮ್ಮಪ್ಪ ಗಂಟಲು ಸರಿ ಮಾಡ್ಕೊಂಡು, "ಹುಡುಗ ಛಲೋ ಅದಾನ," ಅಂದ.

ಚಾ ಅಲ್ಲೇ ನೆಲದ ಮ್ಯಾಲ ಇಟ್ಟು ನೆಟ್ಟಗ ನನ್ನ ಖೋಲಿಗೆ ಹೋದೆ. ತಿಪ್ಪೇಸ್ವಾಮಿ ಬೂಟಿಗೆ ಹೊಸ ಲಾಡಿ ಹಾಕಾಕತ್ತಿದ್ದ.

"ವೈಜನಾಥ ಕಾಕಾ ನಿಮಗ ನನ್ನ ಸುದ್ದಿ ಹೇಳಿದ್ರೇನು?"

ಅವನ ಮುಖ ಕೆಂಪಾತು. "ಹೇಳಿದ್ರು."

"ನೀವೇನಂದ್ರಿ?"

"ಯೋಚನೆ ಮಾಡಿ ಹೇಳ್ತೀನಿ ಅಂದೆ."

"ಸ್ಕೂಟರ್‌ಗೆ ಒಮ್ಮೆಲೇ ಬ್ಯಾಡ ಅಂದ್ರಿ. ನನಗ ಯೋಚನೆ ಮಾಡ್ತೀನಿ ಅಂದ್ರಿ. ಭಾಳ ದೊಡ್ಡ ಮಾತಾತು. ನಾ ಏನು ಕ್ಲಬ್ಬಿನ ಸಾಮಾನೇನು? ಬೂಟು, ಚಂಡು, ಗೋಲಿನ ಜಾಳಗಿ, ಸುಹಾಸಿನಿ ಅಂತ ಸೇರಿಸಿ ಕೊಡಾಕ?"

"ನಾನು ಹಾಗೆ ಅಂದ್ಕೊಂಡಿಲ್ಲ..."

"ಹ್ಯಾಂಗರ ಅಂದ್ಕೋರಿ. ನಿಮ್ಮ ಸಹಿ ಜೋಡಿ ನಾ ಬರೂದಿಲ್ಲ."

ಹೊರಗ ಬಂದು ಅಪ್ಪನ ಮುಂದ ನಿಂತೆ. ಕಾಕಾ ಅಲ್ಲೇ ಇದ್ರು, ಇರಲಿ ಅಂದೆ. "ಅಪ್ಪಾ, ಫಾರ್ವರ್ಡ್ ಸಲುವಾಗಿ ಮಗಳನ್ನ ಮಾರಾಕ ಹೊಂಟೀಯಲ್ಲ, ನಾಚಿಕಿ ಆಗವಲ್ಲದೇನು?"

"ಮಾರೂದು ಎಲ್ಲೀದವಾ," ಅಂದ ಅಪ್ಪ ಸಣ್ಣ ದನಿಯೊಳಗ. "ನಿನಗೂ ಅವ ಸೇರ್ಯಾನ ಅಂತ ನಿಮ್ಮವ್ವ ಅಂದ್ಳು."

ಅದ ನನ್ನ ಸಂಕಟ. ಸೇರಿದ್ದ. ಸೇರಿದಾಂವ ತಾನಾಗಿ ಬಂದು ಕೇಳಿದ್ರ ಹೂಂ ಅನ್ನಾಕ ಬಾಯಿ ತುದಿಯೊಳಗ ಇತ್ತು. ಈಗ ಹೂಂ ಅಂದ್ರ ಅದು ನನ್ನ ಹೂಂ ಅಲ್ಲ, ಕ್ಲಬ್ಬಿನ ಠರಾವು. ಸಾಯೂತನಕ ಮಂದಿ, ಯೂನಿಯನ್‌ನವರು ಹುಡುಗಿ ಕೊಟ್ಟು ಸೆಂಟರ್ ಫಾರ್ವರ್ಡ್ ತಂದ್ರು ಅಂತಾರ. ಒಂದು ದಿನ ಅವನೂ ಅಂದಾನು.

ಶನಿವಾರ ಮುಂಜಾನೆ ಅಪ್ಪ ಮತ್ತ ಕಾಕಾ ಅವನ್ನ ಟ್ಯಾಕ್ಸಿಯೊಳಗ ಕೂರಿಸಿಕೊಂಡು ಫತೇ ಮೈದಾನದ ಅಸೋಸಿಯೇಶನ್ ಆಫೀಸಿಗೆ ಹೊಂಟ್ರು. ಸುದ್ದಿ ಹ್ಯಾಂಗೋ ಒಡೆದಿತ್ತು. ಇರಾನಿ ಹೋಟೆಲ್ಲಿನ ಮಂದಿಯೆಲ್ಲಾ ಓಣಿ ತುಂಬಿದ್ರು. ಹಾರ ತಂದಿದ್ರು, ಮರ್ಫಾ ಡೋಲು ಬಾರಿಸೂ ಹುಡುಗ್ರನ್ನ ತಂದಿದ್ರು. ಟ್ಯಾಕ್ಸಿ ಏರೂ ಮುಂಚೆ ಅವ ತಿರುಗಿ ನಮ್ಮ ಬಾಗಿಲ ಕಡೆ ನೋಡ್ದ. ನಾ ಬಾಗಿಲಾ ಹಾಕ್ಕೊಂಡೆ.

ಆ ದಿನ ನಾ ಮಾಡಿದ ರೊಟ್ಟಿ ಬಡಿಯೂ ಸಪ್ಪಳಕ್ಕ ಬಾಜೂ ಮನಿ ಕೃಷ್ಣಾಬಾಯಿ ಬಂದು ಕೇಳಿದ್ಳು, ಗ್ವಾಡಿ ಕೆಡವಾಕತ್ತೀರೇನು ಅಂತ. ಮಧ್ಯಾಹ್ನ ಆತು. ಮರ್ಫಾದ ಸದ್ದು ಬರಲಿಲ್ಲ. ಪಟಾಕಿ ಸದ್ದೂ ಬರಲಿಲ್ಲ.

ಅಪ್ಪ ಒಬ್ಬನ ಬಂದ. ಕೈಯಾಗ ಹಾಕದ ಹಾರ ಹಂಗ ಇತ್ತು. ಕುರ್ಚಿ ಮ್ಯಾಲ ಕೂತು ನೀರು ಕೇಳಿದ.

"ಸಹಿ ಹಾಕಿದ. ಕೋಠಿಗೇ ಹಾಕಿದ."

ಖರೆ ಹೇಳ್ತೀನಿ, ಮೊದಲು ನನಗ ನೆನಪಾದದ್ದು ನಾನಲ್ಲ, ಟೀಮು. ನಮ್ಮ ಸೀಸನ್ ಮುಳುಗಿತು. ಓಣಿಯೊಳಗ ಮಂದಿ ಅವನ ಹೆಸರು ಹಿಡಿದು ಬೈಯಾಕತ್ತಿದ್ರು, ನಾನೂ ಹೋಗಿ ಅವರ ಜೋಡಿ ನಿಂತು ಬೈದೇನು ಅನಿಸ್ತು. ಆಮ್ಯಾಲ ಎದಿಯೊಳಗ ಬ್ಯಾರೇನೋ ಚುರುಕ್ ಅಂತು. ಅವಗ ನಾನೂ ಬ್ಯಾಡಾದೆ, ನನ್ನ ಟೀಮೂ ಬ್ಯಾಡಾತು ಅಂತ ಅನಿಸ್ತು. ಅಡಿಗಿ ಮನಿಗೆ ಹೋಗಿ ಕಣ್ಣು ಒರಸ್ಕೊಂಡೆ.

ಹೊತ್ತು ಇಳಿಯೂ ಮುಂದ ಓಣಿಯೊಳಗ ಒಮ್ಮೆಲೇ ಗದ್ದಲ ಎದ್ದಿತು. ಕಿಟಕಿಯಿಂದ ನೋಡಿದ್ರ ತಿಪ್ಪೇಸ್ವಾಮಿ ನಡಕೋತ ಬರಾಕತ್ತಿದ್ದ. ಅಭಿಮಾನಿಗಳು ಸುತ್ತಗಟ್ಟಿ ಎಳೆದಾಡಾಕತ್ತಿದ್ರು. ಯಾರೋ ಅಂಗಿಯ ಕಾಲರ್ ಹಿಡಿದು ಹರಿದಿದ್ರು. ಅವ ಯಾರ ಮ್ಯಾಲೂ ಕೈ ಎತ್ತಲಿಲ್ಲ, ನಿಲ್ಲಲೂ ಇಲ್ಲ. ನೆಟ್ಟಗ ನಮ್ಮ ಬಾಗಿಲಿಗೆ ಬಂದ.

"ಯಾವ ಮುಖ ಹೊತ್ಕೊಂಡು ಬಂದೀಪಾ?" ಅಂದ ನಮ್ಮಪ್ಪ.

"ನಿಮ್ಮ ಹತ್ರ ಬಂದಿಲ್ಲ ಸರ್. ಸುಹಾಸಿನಿಯವರ ಹತ್ರ ಬಂದೆ."

ನಾ ಬಾಗಿಲಿಗೆ ಬಂದೆ. ಅವನ ಹಿಂದ ಅರ್ಧ ಬೇಗಂಪೇಟೆ ನಿಂತಿತ್ತು.

"ನಿನ್ನೆ ನೀವು ಹೇಳಿದ್ದು ಸರಿ," ಅಂದ. ಏದುಸಿರು ಬಿಡಾಕತ್ತಿದ್ದ. "ಇಲ್ಲಿ ಸಹಿ ಹಾಕಿದ್ರೆ ನಿಮ್ಮನ್ನ ಅವರು ಕೊಟ್ಟ ಹಾಗೆ, ನಾನು ತಗೊಂಡ ಹಾಗೆ ಆಗ್ತಿತ್ತು. ಈಗ ನಿಮ್ಮ ಕ್ಲಬ್ಬಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಎಲ್ರೂ ನನ್ನ ಮೇಲೆ ಹಲ್ಲು ಕಡೀತಿದ್ದಾರೆ. ಅದಕ್ಕೇ ಈಗ ಕೇಳ್ತಿದ್ದೀನಿ. ನನ್ನ ಮದುವೆ ಆಗ್ತೀರಾ?"

ಇಂತಾ ಮಾತು ಕೇಳಿದ್ರ ಬ್ಯಾರೆ ಹುಡುಗ್ಯಾರು ನಾಚಿ ಒಳಗ ಓಡ್ತಿದ್ರೇನೋ. ನನಗ ಮತ್ತ ಸಿಟ್ಟು ಬಂತು.

"ನನ್ನ ಸಲುವಾಗಿ ನನ್ನ ಟೀಮ್ ಮುಳುಗಿಸಿ ಬಂದ್ರೇನು? ಎರಡನೇ ಡಿವಿಜನ್ನಿಗೆ ಬೀಳಾವರು ನಾವು. ಇದನ್ನ ಮಾಡೂ ಮುಂಚೆ ನನ್ನ ಕೇಳಿದ್ರೇನು?"

"ಇಲ್ಲ," ಅಂದ. "ಅದೂ ಕೇಳಲಿಲ್ಲ."

"ಅವರೂ ಕೇಳಲಿಲ್ಲ, ನೀವೂ ಕೇಳಲಿಲ್ಲ."

"ತಪ್ಪಾಯ್ತು."

ಹಿಂದ ಯಾರೋ ತೆಲುಗಿನ್ಯಾಗ, ಏಮಂಟುಂದಿ, ಏನಂತಾಳ ಹುಡುಗಿ ಅಂತ ಪಿಸುಗುಟ್ಟಿದ್ರು. ಹರಿದ ಕಾಲರ್ ಅವನ ಹೆಗಲ ಮ್ಯಾಲ ಜೋತಾಡಾಕತ್ತಿತ್ತು. ಕಣ್ಣು ನನ್ನ ಮ್ಯಾಲೇ ಇದ್ದವು. ಈ ಸಲ ನಾ ಬ್ಯಾರೆ ಕಡೆ ನೋಡಲಿಲ್ಲ.

"ಇನ್ನ ಮುಂದ ಏನ ಮಾಡೂದಿದ್ರೂ ನನ್ನ ಕೇಳಿ ಮಾಡಬೇಕು," ಅಂದೆ. "ಅಂಗಿ ಬಿಚ್ಚಿ ಕೊಡ್ರಿ. ಹೊಲಿದು ಕೊಡ್ತೀನಿ."

ಅದ ನನ್ನ ಹೂಂ ಅಂತ ಅವಗ ತಿಳಿಯಾಕ ತುಸು ಹೊತ್ತು ಹಿಡೀತು. ನಮ್ಮವ್ವಗ ಮೊದಲ ತಿಳೀತು. "ಹೊರಗ ನಿಂತು ಅಂಗಿ ಬಿಚ್ಚತಾರೇನು, ಒಳಗ ಕರಿಯ," ಅಂದ್ಳು. ನಮ್ಮಪ್ಪ ಕೈಯಾಗಿನ ಹಾರ ನೋಡ್ದ, ಅವನ ಮುಖ ನೋಡ್ದ, ಕಡೀಕ ಹಾರ ಕುರ್ಚಿಗೆ ಹಾಕಿ ಒಳಗ ಹೋದ. ಎಂಟು ದಿನ ಅಳಿಯನ ಜೋಡಿ ಮಾತಾಡಲಿಲ್ಲ.

ಆ ಸೀಸನ್ನಿನ ಕಡೀ ಮ್ಯಾಚು ಯೂನಿಯನ್‌ಗೂ ಕೋಠಿಗೂ ಬಿತ್ತು. ನಮಗ ಡ್ರಾ ಆದ್ರೂ ಸಾಕಿತ್ತು, ಮೊದಲ ಡಿವಿಜನ್ನಿನ್ಯಾಗ ಉಳೀತಿದ್ವಿ. ನಾ ತಾಳಿ ಕಟ್ಟಿಸ್ಕೊಂಡು ಮೂರು ತಿಂಗಳಾಗಿತ್ತು. ನೀಲಿ ಸೀರಿ ಉಟ್ಟು ಅಪ್ಪನ ಬಾಜೂಕ, ಯೂನಿಯನ್ ಕಡೆ ಕೂತೆ. ಆಟ ಮುಗಿಯಾಕ ಬಂದ್ರೂ ಎರಡೂ ಕಡೆ ಗೋಲ್ ಆಗಿರಲಿಲ್ಲ, ಆಗ ಚಂಡು ತಿಪ್ಪೇಸ್ವಾಮಿ ಕಾಲಿಗೆ ಬಿತ್ತು. ಮುಂದ ನಮ್ಮ ಗೋಲ್ ಕೀಪರ್ ಒಬ್ಬನ ಇದ್ದ.

"ಏ ಗೂಟಾ," ಅಂತ ಎದ್ದು ನಿಂತು ಒದರಿದೆ. "ಅಲ್ಲೇ ನಿಂದ್ರು."

ಅವಗ ಕೇಳಸ್ತು. ಕೇಳಿದ್ದು ನನಗ ಗೊತ್ತಾತು, ಹೆಗಲು ಅಲುಗಿತು. ಆದ್ರ ತಿರುಗಲಿಲ್ಲ. ಹೊಡದ.

ಗೋಲ್ ಆತು, ನಾವು ಎರಡನೇ ಡಿವಿಜನ್ನಿಗೆ ಬಿದ್ವಿ. ಆ ಸಂಜೀಕ ಅವ ಕೂಕಟ್‌ಪಲ್ಲಿಯ ನಮ್ಮ ಎರಡು ಖೋಲಿಯ ಮನಿಗೆ ಬಂದು ಕೈಕಾಲು ತೊಳಕೊಂಡು ಗಂಗಾಳದ ಮುಂದ ಕೂತ. ನಾ ರೊಟ್ಟಿ ಹಾಕಿದೆ. ಪಲ್ಯಾ ಹಾಕಲಿಲ್ಲ. ಅವ ಒಣಾ ರೊಟ್ಟಿ ಮುರಕೋತ ಮೀಸಿ ಕೆಳಗಿಂದ ನನ್ನ ನೋಡ್ದ.

"ಗೋಲ್ ಕೂಡ ಕೇಳಿ ಹೊಡೀಬೇಕಿತ್ತಾ?"

"ಹೌದು."

"ಕೇಳಿದ್ರೆ ಹೂಂ ಅಂತಿದ್ಯಾ?"

"ಕೇಳಿ ನೋಡಬೇಕಿತ್ತು," ಅಂದೆ. ಅಂದು, ಒಲಿ ಹಿಂದ ಮುಚ್ಚಿಟ್ಟಿದ್ದ ಮುದ್ದೀ ಗಂಗಾಳ ತಂದು ಅವನ ಮುಂದ ಕುಕ್ಕಿದೆ.