ಉಸಿರಿಗೊಂದು ಶಾಪ

"ಉಸಿರು ಒಳಗೆ ಬರೋದನ್ನ ಗಮನಿಸಿ... ಹೊರಗೆ ಹೋಗೋದನ್ನ ಗಮನಿಸಿ..." ಜೋಂಗ್ ಮೇಡಂ ಮೆಲ್ಲಗೆ ಹೇಳುತ್ತಿದ್ದರು.

ಪೆಯ್‌ರೋಂಗ್ ಗಮನಿಸುತ್ತಿದ್ದಳು. ಉಸಿರು ಒಳಗೆ ಬರುವಾಗ 'ಗ್ವಾನ್‌ತಿಂಗ್'. ಹೊರಗೆ ಹೋಗುವಾಗ 'ಹಾಳಾಗಿ ಹೋಗು'. ತೈನಾನ್ ನಗರದ ಆಸ್ಪತ್ರೆಯ ಮೇಲ್ಮಹಡಿಯ ಆ ಕೋಣೆಯಲ್ಲಿ ಅಷ್ಟು ಏಕಾಗ್ರತೆಯಿಂದ ಧ್ಯಾನ ಮಾಡುವ ನರ್ಸಿಂಗ್ ವಿದ್ಯಾರ್ಥಿನಿ ಇನ್ನೊಬ್ಬಳಿರಲಿಲ್ಲ.

ಎದುರಿಗೇ ಕೂತಿದ್ದ ಆ ಗ್ವಾನ್‌ತಿಂಗ್ ಮಹಾಶಯ. ಕ್ಲಾಸ್ ಲೀಡರ್ ಬೇರೆ. ಕಣ್ಣು ಮುಚ್ಚಿದಾಗ ಅವನ ರೆಪ್ಪೆಗಳು ಉದ್ದವಾಗಿ ಕಾಣುತ್ತಿದ್ದವು. ಇಂಥವನಿಗೆ ದೇವರು ಅಂಥ ರೆಪ್ಪೆ ಯಾಕೆ ಕೊಟ್ಟನೋ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಕಳೆದ ತಿಂಗಳವರೆಗೂ ಅವಳು ಅದೇ ರೆಪ್ಪೆಗಳನ್ನು ಕದ್ದು ನೋಡುತ್ತಿದ್ದಳು. ಅವನು ಗೊತ್ತಾಗಿಯೂ ಗೊತ್ತಾಗದವನಂತೆ ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದ. ಇಬ್ಬರಿಗೂ ಒಂದೇ ವಾರ್ಡಿನಲ್ಲಿ ತರಬೇತಿ. ಅವಳು ದಿನವೂ ಗಂಜಿ ಕುಡಿಸುತ್ತಿದ್ದ ಅಜ್ಜಿ ತೀರಿಕೊಂಡ ದಿನ ಅವಳು ಹೊದಿಕೆ ಇಡುವ ಕೋಣೆಗೆ ಓಡಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಹುಡುಕಿಕೊಂಡು ಬಂದವನು ಅವನೊಬ್ಬನೇ. ಬಿಸಿ ಸೋಯಾ ಹಾಲು ಕೈಗಿಟ್ಟಿದ್ದ.

"ಯಾರಿಗೂ ಹೇಳ್ಬೇಡ ಕಣೋ," ಎಂದಿದ್ದಳು.

"ಹೇಳಲ್ಲ," ಎಂದಿದ್ದ.

ಮರುದಿನವೇ ಜೋಂಗ್ ಮೇಡಂ ಕರೆಸಿದರು. "ನೀನು ಅಳ್ತಿದ್ದೆ ಅಂತ ಗ್ವಾನ್‌ತಿಂಗ್ ಹೇಳಿದ. ಮನಸ್ಸು ಗಟ್ಟಿಯಾಗೋ ತನಕ ವಾರ್ಡ್ ಬೇಡಮ್ಮ, ಧ್ಯಾನದ ಕ್ಲಾಸಲ್ಲಿರು."

ಬೇರೆಯವರು ಸ್ವಲ್ಪ ಹೊತ್ತು ಧ್ಯಾನಕ್ಕೆ ಕೂತು ವಾರ್ಡಿಗೆ ಹೋಗುತ್ತಿದ್ದರು. ಇವಳು ಕೂತಲ್ಲೇ ಕೂತಿರಬೇಕು. ವಾರ್ಡ್ ತಪ್ಪಿದರೆ ಈ ವರ್ಷ ವಿದ್ಯಾರ್ಥಿಗಳಿಗೆ ನರ್ಸ್ ಟೋಪಿ ತೊಡಿಸುವ ಸಮಾರಂಭವೂ ತಪ್ಪಿತು. ಜೊತೆಯವರೆಲ್ಲ ಮೇಣದಬತ್ತಿ ಹಿಡಿದು ವೇದಿಕೆಯ ಮೇಲೆ ನಿಂತಿರುವಾಗ ಇವಳು ಕೆಳಗೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ನಂಬಿದವನೇ ಕುತ್ತಿಗೆ ಕೊಯ್ದಿದ್ದ.

ಅಂದು ಗಮನವಿಟ್ಟು ತಿನ್ನುವ ಅಭ್ಯಾಸ. ಎದುರುಬದುರು ಕೂತವರಲ್ಲಿ ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಒಂದು ಒಣದ್ರಾಕ್ಷಿಯನ್ನು ಅವರ ಬಾಯಿಗಿಡಬೇಕು. ಪೆಯ್‌ರೋಂಗ್ ಕಿಸೆಯಿಂದ ತೆಗೆದದ್ದು ಒಣಗಿಸಿದ ಅನಾನಸಿನ ತುಂಡು.

ತೈನಾನ್‌ನಲ್ಲಿ ಯಾವ ನರ್ಸೂ ಡ್ಯೂಟಿಯ ದಿನ ಅನಾನಸ್ ಮುಟ್ಟುವುದಿಲ್ಲ. ಮುಟ್ಟಿದರೆ ರೋಗಿಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುತ್ತಾರೆ. ಇದನ್ನು ಯಾವ ಪುಸ್ತಕದಲ್ಲೂ ಕಲಿಸುವುದಿಲ್ಲ, ಆದರೆ ನಂಬದವರೂ ತಿನ್ನುವುದಿಲ್ಲ. ಗ್ವಾನ್‌ತಿಂಗ್‌ಗೆ ಆ ಮಧ್ಯಾಹ್ನ ಎಮರ್ಜೆನ್ಸಿಯಲ್ಲಿ ಡ್ಯೂಟಿ.

"ಬಾಯಿ ತೆಗಿ," ಎಂದಳು.

"ಅಂತೂ ಮಾತಾಡಿದೆಯಲ್ಲ."

"ಮಾತಾಡಿಲ್ಲ. ಬಾಯಿ ತೆಗಿ ಅಂದೆ ಅಷ್ಟೆ."

ಅವನ ತುಟಿಯಂಚಿನಲ್ಲಿ ನಗು ಮೂಡಿತು. ಅವಳು ತುಂಡನ್ನು ಬಾಯಿಗಿಟ್ಟಳು. ಅವನು ಒಂದು ಕ್ಷಣ ತಡೆದು, ಆಮೇಲೆ ಮೇಡಂ ಹೇಳಿದಂತೆಯೇ ನಿಧಾನವಾಗಿ ಅಗಿದು ಪೂರ್ತಿ ನುಂಗಿದ. ತುಟಿ ತಾಗಿದ ಬೆರಳು ಬೆಚ್ಚಗಾಗಿತ್ತು. ಅವಳು ಅದನ್ನು ಯೂನಿಫಾರ್ಮಿಗೆ ಎರಡೆರಡು ಸಲ ಒರೆಸಿಕೊಂಡಳು.

ಅನಾನಸ್ ಮೋಸ ಮಾಡಲಿಲ್ಲ. ಅವನು ಡ್ಯೂಟಿಗೆ ಇಳಿದ ಕೂಡಲೇ ಮದುವೆ ಊಟದಲ್ಲಿ ಕೆಟ್ಟ ಸಿಗಡಿ ತಿಂದ ಬೀಗರ ದಂಡು ಹೊಟ್ಟೆ ಹಿಡಿದುಕೊಂಡು ಎಮರ್ಜೆನ್ಸಿಯ ಬಾಗಿಲಿಗೆ ಬಂದಿಳಿಯಿತು. ಪೆಯ್‌ರೋಂಗ್ ಕಿಟಕಿಯಿಂದ ನೋಡಿ ಹಿಗ್ಗುವಷ್ಟರಲ್ಲಿ ಮೇಡಂ ಓಡಿಬಂದರು.

"ಧ್ಯಾನ ಸಾಕು, ಎಲ್ರೂ ಕೆಳಗೆ ಬನ್ನಿ! ಪೆಯ್‌ರೋಂಗ್, ನೀನೂ!"

ಮಾಡಿದ್ದುಣ್ಣೋ ಮಹಾರಾಯ. ತಾನು ಕರೆಸಿದ ಜನರ ವಾಂತಿಗೆ ತಾನೇ ಬೇಸಿನ್ ಹಿಡಿದಳು. ಮದುಮಗನ ಸೋದರತ್ತೆಯೊಬ್ಬರು ಭಯಕ್ಕೆ ಏದುಸಿರು ಬಿಡುತ್ತಿದ್ದರು. "ಅಮ್ಮಾ, ನನ್ನ ಕೈ ಹಿಡ್ಕೊಳ್ಳಿ. ಉಸಿರು ಒಳಗೆ... ನಿಧಾನಕ್ಕೆ ಹೊರಗೆ..." ಎಂದು ತಾನೂ ಜೊತೆಗೇ ಉಸಿರಾಡಿದಳು. ಅಷ್ಟು ಹೊತ್ತೂ ಒಂದೇ ಒಂದು ಶಾಪ ನೆನಪಾಗಲಿಲ್ಲ. ಆಮೇಲೆ ಅದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಕೋಪ ಬಂತು.

ಸಂಜೆ ಗದ್ದಲ ಇಳಿದ ಮೇಲೆ ಗ್ವಾನ್‌ತಿಂಗ್ ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.

"ಸುಸ್ತಾಯ್ತಾ, ಲೀಡರ್ ಸಾಹೇಬ್ರೇ?" ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

"ಅನಾನಸ್ ಚೆನ್ನಾಗಿತ್ತು."

ಅವಳ ನಗು ಆರಿತು. "ಗೊತ್ತಿತ್ತಾ?"

"ವಾಸನೆ ಮೂಗಿಗೆ ಬಂದಾಗ್ಲೇ."

"ಮತ್ಯಾಕೋ ನುಂಗಿದೆ?"

"ನೀನು ಕೊಟ್ಟೆ ಅಂತ. ಇಷ್ಟು ದಿನ ನನ್ನ ಕಡೆ ತಿರುಗಿಯೂ ನೋಡಿರ್ಲಿಲ್ಲ. ವಿಷ ಕೊಟ್ಟಿದ್ರೂ ತಿಂತಿದ್ದೆ."

"ನನ್ನ ಸೇಡನ್ನೂ ನೆಟ್ಟಗೆ ತೀರಿಸ್ಕೊಳ್ಳೋಕೆ ಬಿಡಲ್ವಲ್ಲೋ ನೀನು!" ಅವಳು ಸಿಡಿದಳು. "ಈ ಡೈಲಾಗಿಗೆಲ್ಲ ಕರಗೋಳು ನಾನಲ್ಲ. ಮೇಡಂಗೆ ಯಾಕೆ ಹೇಳ್ದೆ? ಅದನ್ನ ಹೇಳು."

ಅವನು ನೆಲ ನೋಡುತ್ತ ಹೇಳಿದ, "ಆ ಅಜ್ಜಿ ಹೋದಾಗ ನಾನೂ ಅತ್ತೆ, ನೀನು ಆಚೆ ಹೋದ್ಮೇಲೆ ಅದೇ ಕೋಣೇಲಿ. ನಿನಗಿಂತ ಜಾಸ್ತೀನೇ. ಆಚೆ ಬಂದ್ರೆ ಬಾಗಿಲಲ್ಲೇ ಮೇಡಂ. ಕಣ್ಣು ಯಾಕೆ ಕೆಂಪಾಗಿದೆ, ಒಳಗೆ ಅಳ್ತಿದ್ದಿದ್ದು ಯಾರು ಅಂದ್ರು. ನಿನ್ನ ಹೆಸರು ಹೇಳ್ಬಿಟ್ಟೆ. ನಾನು ಸಮಾಧಾನ ಮಾಡೋಕೆ ಹೋಗಿದ್ದೆ ಅಂದೆ."

"ನೀನು ತಪ್ಪಿಸ್ಕೊಳ್ಳೋಕೆ."

"ಹೂಂ."

ಇಷ್ಟು ದಿನ ಅವನನ್ನು ಚಾಡಿಕೋರ ಎಂದುಕೊಂಡಿದ್ದಳು. ಹೇಡಿ ಎಂದು ಗೊತ್ತಿರಲಿಲ್ಲ. ಹೊಡೆಯಬೇಕೆನಿಸಿತು, ಹೊಡೆಯಲಿಲ್ಲ.

"ನನ್ನೆದುರು ಹೇಳಿದ್ರೆ ಸಾಲದು," ಎಂದಳು. "ಮೇಡಂ ಮುಂದೆ, ಎಲ್ರ ಮುಂದೆ ಹೇಳು. ಅಲ್ಲಿವರೆಗೂ ನನಗೆ ಮುಖ ತೋರಿಸ್ಬೇಡ."

ಮರುದಿನ ಧ್ಯಾನ ಮುಗಿದಾಗ ಮೇಡಂ ವಾಡಿಕೆಯಂತೆ ಕೇಳಿದರು, "ಮನಸ್ಸಿಗೆ ಏನು ಬಂತು? ಯಾರಾದ್ರೂ ಹೇಳ್ತೀರಾ?"

ಗ್ವಾನ್‌ತಿಂಗ್ ಎದ್ದು ನಿಂತ. ಅತ್ತದ್ದು, ಹೆದರಿದ್ದು, ಅವಳನ್ನು ಮುಂದೆ ಮಾಡಿ ತಾನು ಬಚಾವಾದದ್ದು, ಒಂದನ್ನೂ ಮುಚ್ಚಿಡಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಆದರೂ ಅವನು ಮಾತು ನಿಲ್ಲಿಸಲಿಲ್ಲ.

ಮೇಡಂ ಪೆಯ್‌ರೋಂಗ್ ಕಡೆ ತಿರುಗಿದರು. "ನಿನ್ನೆ ನೀನು ಕೆಲಸ ಮಾಡಿದ್ದು ನೋಡ್ದೆ. ನಾಳೆಯಿಂದ ವಾರ್ಡಿಗೆ ಹೋಗು, ಸಮಾರಂಭದಲ್ಲೂ ನಿಲ್ಲು. ತಪ್ಪು ನನ್ನದೂ ಇದೆ." ಆಮೇಲೆ ಅವನಿಗೆ ಹೇಳಿದರು, "ನಿನಗೆ ವಾರ್ಡ್ ಬೇಡ, ಸಮಾರಂಭ ಮುಂದಿನ ವರ್ಷ. ಅತ್ತಿದ್ದಕ್ಕಲ್ಲ, ಸುಳ್ಳಿಗೆ."

ಬಯಸಿದ್ದೆಲ್ಲ ಅವಳ ಮಡಿಲಿಗೆ ಬಿದ್ದಿತ್ತು. ಎಲ್ಲರ ಜೊತೆ ಅವಳೂ ಹೊರಗೆ ಬಂದು ಶೂ ಹಾಕಿಕೊಂಡಳು. ಕುಣಿಯಬೇಕಿದ್ದ ಕಾಲು ಮುಂದೆ ಹೋಗಲಿಲ್ಲ. ಒಳಗೆ ಇಣುಕಿದರೆ ಅವನು ಧ್ಯಾನದ ದಿಂಬಿನ ಮೇಲೆ ಒಬ್ಬನೇ ಕೂತು ಅಳುತ್ತಿದ್ದ, ಈ ಸಲ ಯಾರಿಂದಲೂ ಬಚ್ಚಿಡದೆ.

ಅವಳು ಶೂ ಬಿಚ್ಚಿ ಒಳಗೆ ಹೋಗಿ ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.

"ಯಾಕೆ ಬಂದೆ?"

"ನೀನು ಅಳೋದನ್ನ ನೋಡೋಕೆ."

"ನೋಡ್ದೆಯಲ್ಲ. ಸಮಾಧಾನ ಆಯ್ತಾ?"

"ಇಲ್ಲ." ಅವನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ಅವಳ ಕಣ್ಣೂ ತುಂಬಿತ್ತು. "ನಿನ್ನ ಮೇಲೆ ಪ್ರೀತಿ ಇಲ್ದಿದ್ರೆ ಅವತ್ತೇ ಕ್ಷಮಿಸ್ಬಿಡ್ತಿದ್ದೆ ಕಣೋ."