ನೀರು ಮುಟ್ಟದ ಸಂಜೆ

ಸೈರನ್ ಕೂಗಿದಾಗ ನಾವಿಬ್ಬರೂ ಜಗಳವಾಡುತ್ತಿದ್ದೆವು. ಜಗಳಕ್ಕೆ ಕಾರಣ ಒಂದು ಹಕ್ಕಿ.

ಚಿಂಚೋಳಿಯ ಕಾಡುಗುಡ್ಡದ ಮೇಲಿನ ಪಾಳು ಕೋಟೆ ನೋಡಿಕೊಂಡು, ಕಣಿವೆಗಿಳಿದು, ಹಳ್ಳ ದಾಟಿ, ಜಲಪಾತದ ಬುಡದಲ್ಲಿ ಬುತ್ತಿ ಬಿಚ್ಚುವುದೆಂದು ನಮ್ಮ ಟ್ರೆಕ್ಕಿಂಗ್ ಗುಂಪಿನ ಲಕ್ಷ್ಮಿಕಾಂತ ಹೇಳಿದ್ದ. ಎಲ್ಲರೂ ಮುಂದೆ ಹೋಗಿಯಾಗಿತ್ತು. ಪವಮಾನ ಒಬ್ಬನೇ ಬಿದ್ದ ಬುರುಜಿನ ಮೇಲೆ ಕ್ಯಾಮೆರಾ ಹಿಡಿದು ಧ್ಯಾನಕ್ಕೆ ಕುಳಿತವನ ಹಾಗೆ ಕುಳಿತಿದ್ದ. ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಅವನಿಗಾಗಿಯೇ ನಾನು ಹಿಂದೆ ಉಳಿದಿದ್ದೆ. ನೆಪಕ್ಕೆ ಬೂಟಿನ ಲೇಸು ಬಿಚ್ಚುತ್ತ, ಮತ್ತೆ ಕಟ್ಟುತ್ತ ಇದ್ದೆ.

"ಆ ಹಕ್ಕಿ ಇನ್ನ ಬರಂಗಿಲ್ರಿ ಮಾಸ್ತರ. ಏಳ್ರಿ."

"ನೀವು ಬಾಯಿ ಮುಚ್ಚಿದ್ರ ಬರ್ತದ್ರಿ."

"ನಾ ಬಾಯಿ ಮುಚ್ಚಿದ್ರ ನಿಮಗ ಹೊತ್ತು ಹೋಗಂಗಿಲ್ಲ."

ಅವನು ಕ್ಯಾಮೆರಾ ಇಳಿಸಿ ನನ್ನ ಕಡೆ ನೋಡಿದ. ನೋಡಿದ್ದು ಸ್ವಲ್ಪ ಹೆಚ್ಚು ಹೊತ್ತೇ ಆಯಿತು. ಆಗಲೇ ಸೈರನ್ ಕೂಗಿದ್ದು, ಉದ್ದಕ್ಕೆ, ಗುಡ್ಡದ ಆಚೆಯಿಂದ.

ನಾನು ಶಹಾಬಾದಿನವಳು, ಕಲ್ಲಿನ ಖಣಿಗಳ ನಡುವೆ ಬೆಳೆದವಳು. ಅವನು ಬೆಳೆದದ್ದು ವಾಡಿಯ ಸಿಮೆಂಟ್ ಕಾಲನಿಯಲ್ಲಿ. ಶಿಫ್ಟಿಗೊಂದು ಸೈರನ್, ಬ್ಲಾಸ್ಟಿಗೊಂದು ಸೈರನ್ ಕೇಳಿ ಕೇಳಿ ನಮ್ಮ ಕಿವಿ ಮೊದ್ದಾಗಿವೆ. ಕಾಗೆ ಕೂಗಿದರೂ ತಲೆ ಎತ್ತುತ್ತೇವೆ, ಸೈರನ್ನಿಗೆ ಇಲ್ಲ.

"ಎಲ್ಲೋ ಬ್ಲಾಸ್ಟ್ ಮಾಡ್ಲಿಕತ್ತಾರ" ಎಂದ ಅವನು. ಹೌದೆಂದೆ. ಕಾಡಿನಲ್ಲಿ ಖಣಿ ಎಲ್ಲಿಂದ ಬಂತು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮೇಲಿನ ಕೆರೆ ತುಂಬಿ ಗೇಟು ಎತ್ತುವ ಮುಂಚಿನ ಕೂಗು ಅದು.

ಕಣಿವೆ ಇಳಿಯುವಾಗ ಬಿಸಿಲಿತ್ತು. ಆದರೆ ತೆಲಂಗಾಣದ ಕಡೆಯ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ದಾರಿಯುದ್ದಕ್ಕೂ ಗಲಾಟೆ ಮಾಡುತ್ತಿದ್ದ ಮಂಗಗಳು ಒಂದೂ ಕಾಣಲಿಲ್ಲ. ನನಗೆ ಯಾಕೋ ಎದೆ ಡವಗುಟ್ಟಿತು. ಅದು ಅವನ ಕೈ ನನ್ನ ಮೊಣಕೈ ಹಿಡಿದಿದ್ದಕ್ಕಿರಬೇಕು ಎಂದುಕೊಂಡೆ. ಪ್ರೀತಿ ಮಾಡುವವರ ಬುದ್ಧಿ ಅಷ್ಟೇ.

ಪ್ರೀತಿ ಎಂದು ನಾವಿಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವುದು ಹೇಗೆ? ಅವನ ತಾಯಿ ರುಕ್ಮಿಣಿಬಾಯಿ ಮಡಿ ಉಟ್ಟಾಗ ಮಗನನ್ನೂ ಮುಟ್ಟಿಸಿಕೊಳ್ಳದವರು. ನಮ್ಮಲ್ಲಿ ಅಪ್ಪ ತೀರಿದ ಮೇಲೆ ಅವ್ವ ಹೇಳಿದ್ದೇ ಕೊನೆಯ ಮಾತು. ಪವಮಾನನ ಹೆಸರು ಎರಡು ಸಲ ನನ್ನ ಬಾಯಲ್ಲಿ ಕೇಳಿದ್ದೇ ತಡ, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದ್ದಳು: "ಬಸವೇಶ್ವರಿ, ಕೊರಳಾಗ ಲಿಂಗ ಇಲ್ದವಗ ನಾ ಮಗಳನ್ನ ಕೊಡಂಗಿಲ್ಲ. ತಿಳೀತಿಲ್ಲೊ?" ಆ ಮಾತನ್ನು ಅವನಿಗೂ ಹೇಳಿಬಿಟ್ಟಿದ್ದೆ. ಅಂದಿನಿಂದ ಅವನ ಕಣ್ಣು ನನ್ನ ಕೊರಳಿನ ಶಿವದಾರದ ಮೇಲೆ ಬಿದ್ದಾಗಲೆಲ್ಲ ಬೇಗ ಬೇರೆ ಕಡೆ ಹೊರಳುತ್ತಿತ್ತು. ಆ ದಾರಕ್ಕೆ ಒಂದು ಬೆಳ್ಳಿ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು.

ಹಳ್ಳದ ಆಚೆ ದಂಡೆಯ ಎತ್ತರದ ಬಂಡೆಯ ಮೇಲೆ ಲಕ್ಷ್ಮಿಕಾಂತ ಎರಡೂ ಕೈ ಬೀಸುತ್ತ ಏನೋ ಕೂಗುತ್ತಿದ್ದ. ಜಲಪಾತದ ಸದ್ದಿಗೆ ಏನೂ ಕೇಳಿಸಲಿಲ್ಲ.

"ಊಟಕ್ಕ ಕರೀಲಿಕತ್ತಾನ" ಎಂದು ಪವಮಾನ ನಕ್ಕ.

ನೀರು ಮೊಣಕಾಲಿಗಿತ್ತು. ಕೈ ಕೈ ಹಿಡಿದು ಇಳಿದೆವು. ಅವನ ಹೆಬ್ಬೆರಳು ನನ್ನ ಮುಂಗೈ ಮೇಲೆ ಸುಮ್ಮನೆ ಆಡುತ್ತಿತ್ತು. ಅರ್ಧ ದಾಟಿರಬೇಕು, ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಒಣ ಎಲೆ ಬಂದವು, ಕಡ್ಡಿ ಬಂದವು, ಸತ್ತ ಹಾವೊಂದು ತಿರುಗುತ್ತ ಹೋಯಿತು. ನೀರು ತೊಡೆಗೆ ಏರಿತು.

ಪವಮಾನನ ನಗು ಆರಿತು. "ಜಲ್ದಿ ನಡೀರಿ. ಅದು ಬ್ಲಾಸ್ಟ್ ಸೈರನ್ ಅಲ್ರಿ" ಎಂದ.

ಆಮೇಲೆ ಓಡಲಿಲ್ಲ, ನಡೆಯಲೂ ಇಲ್ಲ, ನೀರು ನಮ್ಮನ್ನು ದೂಡಿತು. ಕೊಚ್ಚಿ ಬಂದ ಮುಳ್ಳಿನ ಕೊಂಬೆಯೊಂದು ನನ್ನ ಎದೆಗೆ ಬಡಿದು, ಕೊರಳನ್ನು ಎಳೆದುಕೊಂಡೇ ಹೋಯಿತು. ಅವನು ನನ್ನನ್ನು ಆಚೆ ದಂಡೆಗೆ ದಬ್ಬಿ ತಾನೂ ಹತ್ತಿದ. ಬೇರು ಹಿಡಿದು ಮೇಲೇರಿ ಕೊರಳಿಗೆ ಕೈ ಹಾಕಿದೆ. ಬರಿದಾಗಿತ್ತು.

"ಲಿಂಗ!" ಎಂದು ಚೀರಿದೆ.

ಅದು ಕಾಣುತ್ತಿತ್ತು. ಹಳ್ಳದ ನಡುವಿನ ಗಿಡದ ಕೊಂಬೆಗೆ ಶಿವದಾರ ಸುತ್ತಿಕೊಂಡು, ಕರಡಿಗೆ ನೀರಿನಲ್ಲಿ ಮುಳುಗುತ್ತ ಏಳುತ್ತ ಹೊಳೆಯುತ್ತಿತ್ತು. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪವಮಾನ ಮತ್ತೆ ನೀರಿಗೆ ಇಳಿದಿದ್ದ.

"ಎಲ್ಲಿ ಹೊಂಟೀರಿ? ಬರ್ರಿ ಮ್ಯಾಲ!"

ಎದೆಮಟ್ಟದ ನೀರಿನಲ್ಲಿ ನಿಂತು ಅವನು ಹಿಂದೆ ತಿರುಗಿದ. ಅವನ ಮುಖದಲ್ಲಿ ಹೆದರಿಕೆ ಇತ್ತು, ಹಟವೂ ಇತ್ತು. "ಅದಿಲ್ದ ನೀವು ಮನೀಗೆ ಹ್ಯಾಂಗ ಹೋಗ್ತೀರಿ? ನನ್ನ ಕಾಲಗುಣಕ್ಕ ಹೋಯ್ತು ಅಂತಾರ. ಮುಗೀತು, ಮುಂದ ನಮ್ಮ ಮಾತೇ ಇರಂಗಿಲ್ಲ!" ಎಂದು ಕೂಗಿದ. ಇನ್ನೊಂದು ಹೆಜ್ಜೆ ಇಟ್ಟ. ನೀರು ಅವನ ಹೆಗಲನ್ನು ಹಿಡಿಯಿತು.

ಆಗ ನನ್ನ ಮಾತಿನಿಂದ ಬಹುವಚನ ಕಳಚಿಹೋಯಿತು.

"ಪವಮಾನ! ಲಿಂಗ ಹೋದ್ರ ಅಯ್ಯನೋರು ಮತ್ತೊಂದು ಕಟ್ತಾರ. ನೀ ಹೋದ್ರ ನನಗ ಯಾರು ಕೊಡ್ತಾರ? ಯಾವ ಮಠಕ್ಕ ಹೋಗಿ ಕೇಳ್ಲಿ ನಿನ್ನ? ಬಾ ಈ ಕಡೆ!"

ಅವನು ನಿಂತ. ಕರಡಿಗೆಗೂ ಅವನ ಕೈಗೂ ಒಂದು ಮಾರು ಉಳಿದಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ತಿರುಗಿ ನನ್ನ ಕಡೆ ಕೈ ಚಾಚಿದ. ಅಷ್ಟರಲ್ಲಿ ಮೇಲಿನ ತಿರುವಿನಿಂದ ಹಳ್ಳವೇ ಎದ್ದು ಬಂತು. ನಾನು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ಬಿದ್ದೆ, ಲಕ್ಷ್ಮಿಕಾಂತ ಓಡಿ ಬಂದು ಇಬ್ಬರನ್ನೂ ಎಳೆದ. ಕಣ್ಣು ಬಿಟ್ಟು ನೋಡಿದರೆ ಆ ಗಿಡವೂ ಇರಲಿಲ್ಲ.

ಪವಮಾನ ಕೆಮ್ಮುತ್ತ ಕುಳಿತಿದ್ದ. ಮೆಲ್ಲಗೆ, "ನನಗ 'ನೀ' ಅಂದ್ರಿ" ಎಂದ.

"ಇನ್ನ ಮ್ಯಾಲ ಹಂಗ ಅನ್ನಾಕಿ" ಎಂದೆ. ಅಳು ಬಂತು. ಅತ್ತೆ.

ಗುಂಪಿನ ಜೀಪಿನಲ್ಲಿ ಮರಳುವಾಗ ಅವನು ನೀರಿನ ಬಾಟಲಿ ಕೊಟ್ಟ. ನಾನು ತಲೆಯಲ್ಲಾಡಿಸಿದೆ. ಲಿಂಗ ಕಳೆದರೆ ಮತ್ತೆ ಕಟ್ಟಿಸಿಕೊಳ್ಳುವವರೆಗೆ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ನಾನೇನು ದೊಡ್ಡ ಆಚಾರವಂತೆಯಲ್ಲ, ಬೆಳಗಿನ ಪೂಜೆ ಎಷ್ಟೋ ಸಲ ತಪ್ಪಿಸಿದವಳು. ಆದರೂ ಆ ಹೊತ್ತು ಕೊರಳು ಹಗುರಾಗಿದ್ದುದು ನನ್ನಿಂದ ತಾಳಲಾಗಲಿಲ್ಲ.

ವಿಷಯ ತಿಳಿದು ಅವನೂ ಕುಡಿಯದೆ ಬಾಟಲಿಯನ್ನು ಚೀಲಕ್ಕೆ ಹಾಕಿದ.

"ನೀ ಕುಡಿ. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಯಾಕ ಬರಿ?"

"ನಮಗ ಏಕಾದಶಿ ರೂಢಿ ಅದ."

"ಇವತ್ತು ಏಕಾದಶಿ ಅಲ್ಲ."

"ಗೊತ್ತದ" ಎಂದು ಕಿಟಕಿಯ ಹೊರಗೆ ನೋಡಿದ. ಅವನ ತುಟಿ ಒಡೆದಿದ್ದವು.

ದೀಪ ಹಚ್ಚುವ ಹೊತ್ತಿಗೆ ಶಹಾಬಾದ ಮುಟ್ಟಿದೆವು. ಬೇಡವೆಂದರೂ ಅವನು ಬಾಗಿಲವರೆಗೆ ಬಂದ. ಅವ್ವನ ಕಣ್ಣು ಮೊದಲು ಹೋದದ್ದೇ ನನ್ನ ಕೊರಳಿಗೆ.

"ಎಲ್ಲಿ?"

"ಹಳ್ಳಕ್ಕ ಹೋಯ್ತವ್ವ."

ಅವ್ವ ಹೊಸ್ತಿಲ ಮೇಲೇ ಕುಸಿದು ಕುಳಿತಳು. ಹಿಂದಿನವರು ಲಿಂಗ ಹೋದರೆ ಜೀವ ಬಿಡುತ್ತಿದ್ದರೆಂದು ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದವಳು ಅವಳೇ.

"ಇವ್ರು ಯಾರು?"

"ಪವಮಾನ. ಅದನ್ನ ಹಿಡೀಬೇಕಂತ ಹಳ್ಳಕ್ಕ ಇಳಿದಿದ್ರು. ನಾನೇ ಹೊಳ್ಳಿ ಕರದೆ."

ಅವ್ವ ಅವನನ್ನು ಕೆಸರಿನ ಬೂಟಿನಿಂದ ತಲೆಯವರೆಗೆ ನೋಡಿದಳು. ಎದ್ದು ಒಳಗೆ ಹೋಗಿ ಒಂದೇ ಚರಿಗೆ ನೀರು ತಂದಳು. ನನ್ನನ್ನು ದಾಟಿ ಅವನ ಮುಂದೆ ಹಿಡಿದಳು.

"ಕುಡೀರಿ. ಕುಡದು ನಿಮ್ಮ ಮನೀಗೆ ಹೋಗ್ರಿ."

ಕುಡಿದರೆ ಅವನು ಬಂದುಹೋದ ಅತಿಥಿ, ಅಷ್ಟೇ. ಕುಡಿಯದಿದ್ದರೆ ಮನೆಗೆ ಅವಮಾನ. ಅವನು ಚರಿಗೆ ಮುಟ್ಟದೆ ಕೈ ಮುಗಿದ.

"ಸಿಟ್ಟಾಗಬ್ಯಾಡ್ರಿ ಅವ್ವಾರ. ಬಸವೇಶ್ವರಿ ಕುಡಿಯೂ ಮಟ ನಾನೂ ಕುಡಿಯಂಗಿಲ್ಲ."

"ನೀವ್ಯಾಕ? ನಿಮ್ಮದೇನು ಕಳದದ?"

"ಕಳೀಬಾರ್ದು ಅಂತ್ರಿ."

ಅವ್ವ ಚರಿಗೆ ಹಿಡಿದೇ ನಿಂತಳು.

"ನಿಮ್ಮ ತಾಯಿ ಏನಂತಾರ?"

"ಬೈತಾರ್ರಿ. ಅಳ್ತಾರ. ಆದ್ರ ಮುಚ್ಚಿಡಂಗಿಲ್ಲ, ಇವತ್ತೇ ಹೇಳ್ತೀನಿ."

ಅವ್ವ ಚರಿಗೆಯನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೊಂದು ತಾಟು ಮುಚ್ಚಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮಾತಾಡಿದಾಗ ದನಿ ಮೊದಲಿನಷ್ಟೇ ಗಡಸಾಗಿತ್ತು.

"ನಾಳೆ ಮುಂಜಾನಿ ಗಾಡಿಗಿ ಹೊಸಾ ಲಿಂಗ ಕಟ್ಟಸ್ಲಿಕ್ಕ ಈಕಿನ್ನ ನಾಲವಾರ ಮಠಕ್ಕ ಕರಕೊಂಡು ಹೊಂಟೀನಿ. ಸ್ಟೇಷನ್ನಿಗಿ ಜಲ್ದಿ ಬರ್ರಿ" ಎಂದಳು. "ಟಿಕೀಟು ಮೂರು ತೆಗೀರಿ."